ಹಿಪ್ಪಿಗಳ ಹಾಡೂ ನಮ್ಮ ಮನೆಯ ಫ್ರಿಜ್ಜೂ

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಮಂಡಿನೋವೂ ಇಲ್ಲ. ಇರುವುದು ಒಂದೇ ತೊಂದರೆ. ‘ನನಗೆ ಗೊತ್ತಿಲ್ಲ’ ಎಂಬ ಮಾತು ಇವರ ಗಂಟಲಿನಿಂದ ಮೇಲೆ ಬರುವುದಿಲ್ಲ. ದೋಹಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ದಾರಿ ತಪ್ಪಿದಾಗ ಇವರು ಯಾರನ್ನೂ ಕೇಳಿದವರಲ್ಲ. ಆದರೆ ದಾರಿ ಕೇಳಿದವರನ್ನು ಬರಿಗೈಲಿ ಕಳಿಸಿದವರೂ ಅಲ್ಲ. ಒಮ್ಮೆ ಈಜಿಪ್ಟಿನ ಒಬ್ಬ ಹಿರಿಯರು ಕಣ್ಣಿನ ಆಸ್ಪತ್ರೆ ಎಲ್ಲಿ ಎಂದು ಕೇಳಿದ್ದಕ್ಕೆ ಕೈ ಹಿಡಿದು ಬಸ್ಸು ಹತ್ತಿಸಿ ತರಕಾರಿ ಮಾರುಕಟ್ಟೆಗೆ ಕಳಿಸಿದ್ದರು. ಪಾಪ, ಅವರು ಕಿಟಕಿಯಿಂದ ಕೈ ಬೀಸುತ್ತಲೇ ಹೋದರು.

ಇಂಥ ಮುದ್ದುಕೃಷ್ಣ ಅವರ ಹೆಂಡತಿ ಭಾನುಮತಿ ನಾನು. ನಾವಿರುವುದು ದೋಹಾದ ನಜ್ಮಾ ಬಡಾವಣೆಯಲ್ಲಿ, ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ಕೆಳಗಡೆ ಬಂಟ್ವಾಳದ ಸವಾದ್ ಅವರ ಕೆಫೆಟೇರಿಯಾ. ಎರಡನೇ ಮಹಡಿಯಲ್ಲಿ ಉಡುಪಿ ಕಡೆಯ ಝೇವಿಯರ್, ಅವರ ಹೆಂಡತಿ ಬ್ರಿಜಿಟ್, ಮಗಳು ಮೈರಾ. ಝೇವಿಯರ್ ಅವರದೂ ಇವರದೂ ಲುಸೈಲಿನಲ್ಲಿ ಒಂದೇ ಆಫೀಸು. ಅವರು ವಾಹನಗಳ ವಿಭಾಗ, ಇವರು ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಬಂದ ಕಾಗದಕ್ಕೆಲ್ಲ ನಂಬರು ಹಾಕಿ, ದಿನಾಂಕ ಬರೆದು, ಸೀಲು ಒತ್ತಿ, ಕಪಾಟಿನಲ್ಲಿ ಇಡುವ ಕೆಲಸ. ಈ ಕೆಲಸದಲ್ಲಿ ಇವರನ್ನು ಮೀರಿಸಿದವರಿಲ್ಲ. ನಮ್ಮ ಮನೆಯ ಹಾಲಿನ ಚೀಟಿಗೂ ಉಲ್ಲೇಖ ಸಂಖ್ಯೆ ಇದೆ.

ಎಲ್ಲ ಶುರುವಾದದ್ದು ಮೈರಾಳ ಹುಟ್ಟುಹಬ್ಬದ ದಿನ. ಊಟವಾದ ಮೇಲೆ ಝೇವಿಯರ್ ಗಿಟಾರ್ ತೆಗೆದರು. ಅವರು ಚರ್ಚಿನ ಗಾಯನ ತಂಡದಲ್ಲಿ ಇಪ್ಪತ್ತು ವರ್ಷ ಹಾಡಿದವರು, ದನಿ ಎಂದರೆ ದನಿ. ಹಳೆಯದೊಂದು ಇಂಗ್ಲಿಷ್ ಹಾಡು ಹಾಡಿದರು. ಕುರ್ಚಿ ಬಿಟ್ಟು, ಬೀಗದ ಕೈ ಬಿಟ್ಟು, ಬರಿಗಾಲಲ್ಲಿ ಸಮುದ್ರಕ್ಕೆ ಹೊರಟೆ ಎನ್ನುವ ಹಾಡು. ಅರವತ್ತರ ದಶಕದ ಕೊನೆಯಲ್ಲಿ ಯಾವನೋ ಟೈ ಕಟ್ಟಿದವನು ರೇಡಿಯೋಕ್ಕೆಂದು ಬರೆದನಂತೆ, ಹಿಪ್ಪಿಗಳು ಅದನ್ನೇ ತಮ್ಮ ಗೀತೆ ಮಾಡಿಕೊಂಡು ಊರೂರು ಹಾಡುತ್ತ ತಿರುಗಿದರಂತೆ. ಝೇವಿಯರ್ ಇಷ್ಟು ವಿವರಿಸಿ, ಈಗಿನವರಿಗೆ ಈ ಹಾಡೆಲ್ಲ ಎಲ್ಲಿ ಗೊತ್ತಿರುತ್ತದೆ ಎಂದು ನಿಟ್ಟುಸಿರು ಬಿಟ್ಟರು.

ಆ ನಿಟ್ಟುಸಿರು ಬಿಡಬಾರದಿತ್ತು. ನನ್ನ ಪಕ್ಕದಲ್ಲಿ ಕೇಕು ತಿನ್ನುತ್ತಿದ್ದ ಇವರು ತಟ್ಟೆ ಕೆಳಗಿಟ್ಟರು.

“ನನಗೆ ಬಾಯಿಪಾಠ ಇದು,” ಎಂದರು. “ನಮ್ಮ ಚಿಕ್ಕಪ್ಪ ಹಿಪ್ಪಿಗಳ ಜೊತೆ ಮೂರು ತಿಂಗಳು ಇದ್ದೋರು. ಅವರ ತೊಡೆ ಮೇಲೆ ಕೂತು ಕಲಿತ ಹಾಡು.”

ಆ ಚಿಕ್ಕಪ್ಪ ನನಗೆ ಚೆನ್ನಾಗಿ ಗೊತ್ತು. ಶ್ರೀರಂಗಪಟ್ಟಣದ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದರು. ಒಮ್ಮೆ ಉದ್ದಗೂದಲಿನ ಬಿಳಿಯನೊಬ್ಬನಿಗೆ ರೈಲು ಎರಡು ಗಂಟೆ ತಡ ಎಂದು ಹೇಳಿದ್ದರಂತೆ. ಹಿಪ್ಪಿಗಳಿಗೂ ಈ ವಂಶಕ್ಕೂ ಇರುವ ನಂಟು ಅಷ್ಟೇ.

ದುರದೃಷ್ಟಕ್ಕೆ ಅಲ್ಲೇ ಸಹನಾ ಕೂತಿದ್ದರು. ಸಹನಾ ನಮ್ಮ ಕನ್ನಡ ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ. ಅವರ ಕೈಯಲ್ಲಿ ಸದಾ ಒಂದು ಪುಸ್ತಕ ಇರುತ್ತದೆ, ಅದರಲ್ಲಿ ಒಮ್ಮೆ ಬರೆದದ್ದನ್ನು ಅಳಿಸಿದ ಉದಾಹರಣೆ ಇಲ್ಲ. ಜನವರಿಯ ವಾರ್ಷಿಕೋತ್ಸವಕ್ಕೆ ಮುದ್ದುಕೃಷ್ಣ ಸರ್ ಈ ಹಾಡು ಹಾಡಲಿ ಎಂದು ಬರೆದುಕೊಂಡೇ ಬಿಟ್ಟರು. ಜೊತೆಗೆ ನಿಯಮವನ್ನೂ ನೆನಪಿಸಿದರು. ಹೋದ ವರ್ಷ ಒಬ್ಬರು ಸ್ಪ್ಯಾನಿಷ್ ಹಾಡು ಹಾಡಿ, ಮುಂದಿನ ಸಾಲಿನಲ್ಲಿ ಸ್ಪ್ಯಾನಿಷ್ ಬಲ್ಲ ಅತಿಥಿಯೊಬ್ಬರು ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದಂದಿನಿಂದ, ಕನ್ನಡವಲ್ಲದ ಯಾವ ಹಾಡಿಗೂ ಪೂರ್ತಿ ಕನ್ನಡ ಅರ್ಥವನ್ನು ಮೂರು ವಾರ ಮೊದಲೇ ಬರೆದು ಕಮಿಟಿಗೆ ಒಪ್ಪಿಸಬೇಕು. ಇವರು ಅದೇನು ಮಹಾ ಎನ್ನುವ ಹಾಗೆ ತಲೆಯಾಡಿಸಿದರು.

ಅಲ್ಲಿಂದ ನಮ್ಮ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಬಚ್ಚಲಲ್ಲಿ ದನಿ ದುಂಡಗೆ ಕೇಳುತ್ತದೆ ಎಂದು ಯಾರೋ ಹೇಳಿದ್ದರಿಂದ ಬಚ್ಚಲೇ ಸಂಗೀತ ಶಾಲೆಯಾಯಿತು. ಕಿವಿಗೆ ಹೆಡ್‌ಫೋನು. ಹಾಡುವವನಿಗೆ ತನ್ನ ದನಿ ತನಗೆ ಕೇಳಿಸಬಾರದು ಎಂಬುದು ಇವರ ಸಿದ್ಧಾಂತ. ಆ ಭಾಗ್ಯ ನಮಗಿರಲಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕುವಾಗ ಬರಿಗಾಲು, ಬಟ್ಟೆ ಮಡಚುವಾಗ ಸಮುದ್ರ. ಮಗಳು ಆಶ್ರಿತಾ ಕಿವಿಗೆ ಹತ್ತಿ ಇಟ್ಟುಕೊಂಡು ಗಣಿತ ಮಾಡುತ್ತಿದ್ದಳು.

ಅವಳ ಗಣಿತವೇ ನನ್ನ ನಿಜವಾದ ಚಿಂತೆ. ಅವಳು ಹತ್ತನೇ ಕ್ಲಾಸು, ಪರೀಕ್ಷೆ ಎರಡು ಮೂರು ತಿಂಗಳಲ್ಲಿ. ಇವರ ಕಾಂಟ್ರಾಕ್ಟು ಡಿಸೆಂಬರ್ ಕೊನೆಗೆ ಮುಗಿಯುತ್ತಿತ್ತು. ಯಾರದು ಮುಂದುವರಿಯುತ್ತದೆ, ಯಾರದು ಇಲ್ಲ ಎಂಬ ಪಟ್ಟಿ ಆಫೀಸಿನಲ್ಲಿ ತಯಾರಾಗುತ್ತಿತ್ತು. ಇವರ ಹೆಸರು ಪಟ್ಟಿಯಲ್ಲಿದೆ ಎಂದು ಝೇವಿಯರ್ ಗುಟ್ಟಾಗಿ ಹೇಳಿದ್ದರು, ಆದರೆ ಕಾಗದ ಕೈಗೆ ಬರಬೇಕಿತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಪರೀಕ್ಷೆಗೆ ಕೂರಬೇಕಾದ ಮಗಳನ್ನು ಕೈಹಿಡಿದು ವಿಮಾನ ಹತ್ತಿಸಬೇಕು. ಇಷ್ಟು ದಿನ ಯಾವ ಎಡವಟ್ಟೂ ಮಾಡಬೇಡಿ, ಕಾಗದ ಬರುವ ತನಕ ಉಸಿರು ಬಿಗಿಹಿಡಿದು ಇರಿ ಎಂದು ಇವರಿಗೆ ದಿನಾ ಹೇಳುತ್ತಿದ್ದೆ. ಇವರು ಹೆಡ್‌ಫೋನು ಹಾಕಿಕೊಂಡೇ ತಲೆದೂಗುತ್ತಿದ್ದರು. ನನಗೋ ಹಾಡಿಗೋ, ದೇವರೇ ಬಲ್ಲ.

ಡಿಸೆಂಬರಿನ ಎರಡನೇ ಶುಕ್ರವಾರ. ಅಲ್ ವಕ್ರಾದಲ್ಲಿ ನನ್ನ ಗೆಳತಿಯ ಮೊಮ್ಮಗನ ನಾಮಕರಣ. ನಾನೂ ಆಶ್ರಿತಾಳೂ ಬೆಳಿಗ್ಗೆ ಏಳಕ್ಕೇ ಹೊರಟೆವು. ಇವರು ಕಮಿಟಿಗೆ ಹಾಡಿನ ಅರ್ಥ ಕಳಿಸಬೇಕು, ಅಭ್ಯಾಸವೂ ಇದೆ ಎಂದು ಮನೆಯಲ್ಲೇ ಉಳಿದರು. ಕರಿಬೇವು ತರುವವನು ಬಂದರೆ ಹಾಡು ನಿಲ್ಲಿಸಿ ಎದ್ದು ಬರಬೇಕಾಗುತ್ತದೆಂದು ಬಾಗಿಲು ತೆರೆದೇ ಇಟ್ಟರಂತೆ.

ನಾವು ವಾಪಸ್ ಬಂದಾಗ ಮಧ್ಯಾಹ್ನ ಒಂದು ಗಂಟೆ. ಮೆಟ್ಟಿಲು ಹತ್ತುತ್ತಿದ್ದೆ. ಎದುರಿಗೆ ನನ್ನ ಫ್ರಿಜ್ಜು ಇಳಿದು ಬರುತ್ತಿತ್ತು.

ಮೊದಲು ಯಾರದೋ ಇರಬೇಕು ಎಂದುಕೊಂಡು ಗೋಡೆಗೊರಗಿ ದಾರಿ ಬಿಟ್ಟೆ. ಆಶ್ರಿತಾ ಐದನೇ ಕ್ಲಾಸಿನಲ್ಲಿ ಅಂಟಿಸಿದ ಚಿಟ್ಟೆ ಅದರ ಬಾಗಿಲ ಮೇಲೆ ಕಂಡಿತು. ಫ್ರಿಜ್ಜಿನ ಹಿಂದೆ ಸವಾದ್ ಇದ್ದರು, ಬೆವರು ಒರೆಸಿಕೊಳ್ಳುತ್ತ.

“ಎಂತ ಅಕ್ಕ, ಒಂದು ಮಾತು ಹೇಳದೆ ಹೊರಟದ್ದಾ ನೀವು?” ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಹದಿನಾಲ್ಕು ವರ್ಷದ ನೆನಪಿಗೆ ಇದೊಂದು ಇರ್ಲಿ ಅಂತ ತಕೊಂಡೆ. ಜ್ಯೂಸಿನ ಬಾಟ್ಲಿ ಇಡ್ಲಿಕ್ಕೆ ಆಗ್ತದೆ.”

ನಾನು ಮೂರು ಮೂರು ಮೆಟ್ಟಿಲು ಹಾರಿ ಮೇಲೆ ಓಡಿದೆ. ಮನೆ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಸೋಫಾ ಇದ್ದ ಕಡೆ ಧೂಳಿನ ಚೌಕ. ಮಂಚಗಳಿಲ್ಲ. ಟಿ.ವಿ. ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ವಾಷಿಂಗ್ ಮಷೀನಿನ ಪೈಪು ಒಂದೇ ಹಾವಿನ ಹಾಗೆ ಬಿದ್ದಿತ್ತು. ಚಿರಾಗ್ ಎಂಬ ಹೊಸದಾಗಿ ಮದುವೆಯಾದ ಹುಡುಗ ಟೇಪು ಹಿಡಿದು ಕಿಟಕಿಯ ಅಳತೆ ತೆಗೆಯುತ್ತಿದ್ದ. ನಮಸ್ತೆ ಆಂಟಿ, ಮನೆ ನಮಗೇ ಬಿಟ್ಟುಕೊಡಿ, ಓನರ್ ಹತ್ತಿರ ಮಾತಾಡಿದ್ದೇನೆ ಎಂದ. ಸಾಮಾನು ಹೋದ ಜಾಗದಲ್ಲೆಲ್ಲ ಪಾರ್ಸೆಲುಗಳು ಕೂತಿದ್ದವು. ಹಾಲಿನ ಪುಡಿಯ ಡಬ್ಬ, ಕಂಬಳಿ, ಪುತ್ತೂರಿನ ಅತ್ತೆಗೆ ಒಂದು ಕುಕ್ಕರ್. ಒಂದೊಂದರ ಮೇಲೂ ಊರಿನ ಫೋನ್ ನಂಬರ್.

ಬಚ್ಚಲಿನಿಂದ ಹಾಡು ಬರುತ್ತಿತ್ತು.

ಬಾಗಿಲು ಬಡಿದು ಹೊರಗೆಳೆದೆ. ಇವರು ಹೆಡ್‌ಫೋನು ತೆಗೆದು, ಮೂರನೇ ಚರಣ ಈಗ ಹಿಡಿತಕ್ಕೆ ಬಂತು ಕಣೆ ಎಂದರು.

“ಮನೆ ಎಲ್ಲಿ?” ಎಂದೆ.

ಇವರು ಸುತ್ತ ನೋಡಿದರು. ಬ್ರಿಜಿಟ್ ಬಂದು ವಾಷಿಂಗ್ ಮಷೀನ್ ತಗೊಳ್ಳಲಾ ಎಂದು ಕೈಸನ್ನೆ ಮಾಡಿದಾಗ, ನೀನು ಹೇಳಿರಬೇಕು ಎಂದು ತಲೆಯಾಡಿಸಿದೆ ಎಂದರು. ಸೋಫಾದವರು ಬಂದಾಗಲೂ ನೀನೇ ಹೇಳಿರಬೇಕು ಎಂದುಕೊಂಡರಂತೆ. ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು, ಪಾಪ, ಒಂದು ಮೂಲೆ ನಾನೇ ಹಿಡಿದುಕೊಟ್ಟೆ ಎಂದು ಸೇರಿಸಿದರು. ಮಂಚ ಯಾರು ಒಯ್ದರು ಎಂದು ಕೇಳಿದೆ. ಇವರಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನಲಾರರು.

“ಒಳ್ಳೆ ಜನ,” ಎಂದರು.

ಅಷ್ಟರಲ್ಲಿ ಆಶ್ರಿತಾ ನನ್ನ ಫೋನು ಹಿಡಿದು ಬಂದಳು. ನಾಮಕರಣವೆಂದು ಅದರ ಬಾಯಿ ಮುಚ್ಚಿಸಿಟ್ಟಿದ್ದೆ. “ಅಮ್ಮಾ, ಅಪ್ಪ ಗ್ರೂಪಲ್ಲಿ ಏನೋ ಹಾಕಿದ್ದಾರೆ. ಫುಲ್ ಕನ್ನಡ. ನಂಗೆ ಓದಕ್ಕೆ ಆಗ್ತಿಲ್ಲ, ಆದ್ರೆ ತುಂಬಾ ಜನ ಅಳೋ ಎಮೋಜಿ ಹಾಕಿದ್ದಾರೆ.”

ನಾನು ಓದಿದೆ. ಸಹನಾ ಒಬ್ಬರಿಗೇ ಹೋಗಬೇಕಿದ್ದದ್ದು ನಾನೂರು ಜನರಿರುವ ಬಳಗದ ಗುಂಪಿಗೆ ಹೋಗಿತ್ತು. ಆಫೀಸಿನಲ್ಲೇ ಅಚ್ಚು ಹಾಕಿ, ಸಹಿ ಮಾಡಿ, ತಮ್ಮ ಹೆಸರಿನ ನೀಲಿ ಸೀಲು ಒತ್ತಿ, ಫೋಟೋ ತೆಗೆದ ಕಾಗದ ಅದು:

ಉಲ್ಲೇಖ: ಮು.ಕೃ./ಬಳಗ/೦೦೧

ಮಾನ್ಯರೇ,

೧. ನಾನು ಕುರ್ಚಿಯನ್ನು ಬಿಟ್ಟಿರುತ್ತೇನೆ.

೨. ಬೀಗದ ಕೈಯನ್ನು ಒಪ್ಪಿಸಿರುತ್ತೇನೆ.

೩. ನನ್ನದು ಎಂಬುದು ಇನ್ನು ಏನೂ ಇರುವುದಿಲ್ಲ. ಬಾಗಿಲು ತೆರೆದಿರುತ್ತದೆ. ಬೇಕಾದವರು ಬೇಕಾದ್ದನ್ನು ತೆಗೆದುಕೊಂಡು ಹೋಗಬಹುದು.

೪. ನಾನು ಬರಿಗಾಲಿನಲ್ಲಿ ಸಮುದ್ರದ ಕಡೆಗೆ ಹೊರಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,

ಮುದ್ದುಕೃಷ್ಣ

ಇದು ಹಾಡು ಎಂದು ಎಲ್ಲಾದರೂ ಬರೆದಿದ್ದೀರಾ ಎಂದು ಕೇಳಿದೆ. ಕಮಿಟಿಗೆ ಗೊತ್ತಿರುವ ವಿಷಯವನ್ನು ಕಾಗದದಲ್ಲಿ ಮತ್ತೆ ಬರೆಯುವುದು ಕಚೇರಿ ಪದ್ಧತಿಯಲ್ಲ ಎಂದರು.

ಕೊಲ್ಲಿಯಲ್ಲಿ ಇದ್ದವರಿಗೆ ಇಂಥ ಕಾಗದ ಓದಲು ಬಿಡುವು ಬೇಕಿಲ್ಲ. ಇಲ್ಲಿ ದಿನಕ್ಕೊಬ್ಬರು ಖಲಾಸ್ ಎಂದು ಹೊರಡುತ್ತಾರೆ. ಹೊರಡುವವರು ಸಾಮಾನು ಬಿಟ್ಟುಹೋಗುತ್ತಾರೆ, ಉಳಿಯುವವರು ಒಯ್ಯುತ್ತಾರೆ, ಊರಿಗೆ ಪಾರ್ಸೆಲ್ ಕೊಡುವವರು ಕೊಡುತ್ತಾರೆ. ನಮ್ಮ ಮನೆಯ ಮಂಚವೇ ಎಂಟು ವರ್ಷದ ಹಿಂದೆ ಹೊರಟ ಒಬ್ಬ ಕೇರಳದವರದು. ಮೊದಲು ಬಂದವರಿಗೆ ಮೊದಲು. ಅದಕ್ಕೇ ಜನ ಕಾಗದದ ಮೂರನೇ ಅಂಶಕ್ಕೆ ಬಂದವರೇ ನಾಲ್ಕನೆಯದನ್ನು ಓದದೆ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದಿದ್ದರು. ಗುಂಪಿನಲ್ಲಿ ಶುಭ ಪ್ರಯಾಣಗಳು, ಕೈ ಮುಗಿದ ಚಿತ್ರಗಳು. ಯಾವುದನ್ನೂ ಓದದೆ ಉತ್ತರಿಸುವ ಒಬ್ಬರು ಓಂ ಶಾಂತಿ ಎಂದು ಬರೆದಿದ್ದರು.

ಸಂಜೆಯೊಳಗೆ ಸುದ್ದಿ ಮೈಸೂರು ತಲುಪಿತು. ನನ್ನ ಭಾವ ಫೋನು ಮಾಡಿ, ಮುದ್ದು ಸನ್ಯಾಸ ತಗೊಂಡನಂತಲ್ಲಮ್ಮ, ಯಾವ ಮಠ ಎಂದು ವಿಚಾರಿಸಿದರು. ಯಾವ ಮಠವೂ ಇಲ್ಲ, ಹಾಡು ಎಂದೆ. ಹಾಡಿ ಭಿಕ್ಷೆ ಬೇಡುವುದಕ್ಕೆ ಇಷ್ಟು ಬೇಗ ಇಳಿದನೇ ಎಂದು ಅತ್ತಿಗೆ ಹಿಂದಿನಿಂದ ಅಳುವುದು ಕೇಳಿಸಿತು.

ಮನೆಮನೆಗೆ ಹೋಗಿ ವಿಷಯ ತಿಳಿಸಿ ಸಾಮಾನು ತನ್ನಿ ಎಂದು ಇವರಿಗೆ ಹೇಳಿದೆ. ಇವರು ಹೋಗಲಿಲ್ಲ. ಎಡವಟ್ಟಾಯಿತು ಎಂದು ಒಪ್ಪಿಕೊಂಡಂತೆ ಆಗುತ್ತದಲ್ಲ. ಸೀಲು ಒತ್ತಿ ಕೊಟ್ಟದ್ದನ್ನು ವಾಪಸ್ ಕೇಳಲು ಪದ್ಧತಿ ಇಲ್ಲ ಎಂದು ಕೂತರು. ಕೂರಲು ಕುರ್ಚಿ ಇಲ್ಲದ್ದರಿಂದ ಹಾಲಿನ ಪುಡಿಯ ಡಬ್ಬದ ಮೇಲೆ ಕೂತರು. ನಾನೇ ಹೋದೆ. ಸವಾದ್ ಫ್ರಿಜ್ಜಿನ ತುಂಬ ಬಾಟಲಿ ಜೋಡಿಸಿದ್ದರು; ನಾಳೆ ನೋಡುವ ಅಕ್ಕ ಎಂದರು. ಸೋಫಾದವರ ಮನೆಗೆ ಅದರ ಮೇಲೆ ಕೂರಲೆಂದೇ ನೆಂಟರು ಬಂದಿದ್ದರು. ಬ್ರಿಜಿಟ್ ಆಗಲೇ ಆರು ಬೆಡ್‌ಶೀಟ್ ಒಗೆದು ಹರವಿದ್ದಳು. ಹಾಡಾ, ಅಯ್ಯೋ ಭಾನಕ್ಕ, ಹಾಡಾದರೂ ಬರೆದದ್ದು ಬರೆದದ್ದಲ್ಲವಾ ಎಂದು ನನ್ನನ್ನೇ ಕೇಳಿದಳು. ಮಂಚಗಳು ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯ ಕಡೆ ಪಿಕಪ್ಪಿನಲ್ಲಿ ಹೋದವು ಎಂದಷ್ಟೇ ತಿಳಿಯಿತು. ಅಲ್ಲಿರುವ ಸಾವಿರ ಕೋಣೆಗಳಲ್ಲಿ ನಮ್ಮ ಮಂಚದ ಮೇಲೆ ಮಲಗಿದ ಒಳ್ಳೆ ಜನ ಯಾರು ಎಂದು ಯಾರನ್ನು ಕೇಳುವುದು?

ಆದರೆ ನನಗೆ ಮಂಚದ ಚಿಂತೆ ಭಾನುವಾರ ಸಂಜೆಗೆ ಮರೆತುಹೋಯಿತು. ಇವರು ಆಫೀಸಿನಿಂದ ಬಂದು ಬಾಗಿಲಲ್ಲೇ ನಿಂತರು. ಮುಖ ಸುಣ್ಣದ ಹಾಗಿತ್ತು. ನವೀಕರಣದ ಪಟ್ಟಿಯಿಂದ ಇವರ ಹೆಸರು ತೆಗೆದಿದ್ದರು.

ಬಳಗದ ಗುಂಪಿನಲ್ಲಿ ಇವರ ಆಫೀಸಿನ ಎಚ್.ಆರ್. ಅಝರ್ ಕೂಡ ಇದ್ದಾರೆ. ಭಟ್ಕಳದವರು, ಬಹಳ ಒಳ್ಳೆಯವರು. ಅವರ ಒಳ್ಳೆಯತನವೇ ಮುಳುವಾಯಿತು. ಇಷ್ಟು ವರ್ಷ ದುಡಿದವರ ರಾಜೀನಾಮೆ ವಾಟ್ಸಾಪಿನಲ್ಲೇ ಉಳಿಯಬಾರದು ಎಂದು ಅದನ್ನು ತಾವೇ ಇಂಗ್ಲಿಷಿಗೆ ತಿರುಗಿಸಿ, ಸಮುದ್ರದ ಮಾತನ್ನು ‘ಸ್ವದೇಶಕ್ಕೆ ಮರಳುವುದು’ ಎಂದು ಗೌರವವಾಗಿ ತಿದ್ದಿ, ಜನರಲ್ ಮ್ಯಾನೇಜರಿಗೆ ಕೊಟ್ಟಿದ್ದರು. ಬುಧವಾರ ಪಟ್ಟಿಗೆ ಕೊನೆಯ ಸಹಿ. ಇವರು ಅಝರ್ ಅವರ ಕೋಣೆಯ ಮುಂದೆ ಎರಡು ಸಲ ಸುಳಿದಾಡಿ, ಏನು ಹೇಳಬೇಕೆಂದು ತೋಚದೆ, ಅವರು ಗೊತ್ತಾಯ್ತಾ ಎಂದು ಕೇಳಿದ್ದಕ್ಕೆ ಗೊತ್ತು ಗೊತ್ತು ಎಂದು ಹೇಳಿ ಬಂದಿದ್ದರು.

ಸೋಮವಾರ ಬೆಳಿಗ್ಗೆ ನಾನೇ ಸೀರೆ ಉಟ್ಟು ಇವರ ಜೊತೆ ಹೊರಟೆ. ಮೆಟ್ರೋದಲ್ಲಿ ಲುಸೈಲ್ ಮುಟ್ಟುವ ತನಕ ಇವರಿಗೆ ಒಂದೇ ಪಾಠ ಮಾಡಿದೆ. ನಾನು ಮಾತಾಡುತ್ತೇನೆ, ನೀವು ಮಾತಾಡಬೇಡಿ.

ಅಝರ್ ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಊರಿಗೆ ಹೊರಡುವ ಟಿಕೆಟು ಯಾವ ದಿನಕ್ಕೆ ಬೇಕು ಎಂದು ಕೇಳಿದರು. ನಾನು ಎಲ್ಲ ಹೇಳಿದೆ. ಹುಟ್ಟುಹಬ್ಬ, ಚಿಕ್ಕಪ್ಪ, ಸಹನಾ, ಸ್ಪ್ಯಾನಿಷ್ ಹಾಡು. ಮಗಳ ಪರೀಕ್ಷೆಯನ್ನು ಎರಡು ಸಲ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿ, ಕಾಗದ ನನ್ನ ಮುಂದಿಟ್ಟರು.

“ಭಾಭಿ, ನನ್ಗೂ ಮಕ್ಕಳಿದ್ದಾರೆ. ಆದ್ರೆ ನೋಡಿ, ಸೀಲು ಉಂಟು, ಸಹಿ ಉಂಟು, ನಂಬರೂ ಉಂಟು. ಇದು ಹಾಡು ಅಂತ ಮ್ಯಾನೇಜರಿಗೆ ನಾನು ಹೇಗೆ ಹೇಳುದು? ಇಂಥ ಹಾಡು ನಾನು ಕೇಳ್ಲೇ ಇಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಇವರು ಎದ್ದು ನಿಂತಿದ್ದರು. ಹಾಡಿ ತೋರಿಸುತ್ತೇನೆ ಎಂದರು. ಹಾಡಿಯೇ ಬಿಟ್ಟರು.

ಬಚ್ಚಲಿನ ಗೋಡೆಗಳು ಇವರಿಗೆ ಎಷ್ಟು ಉಪಕಾರ ಮಾಡುತ್ತಿದ್ದವು ಎಂದು ಆಗ ತಿಳಿಯಿತು. ಅಕ್ಕಪಕ್ಕದ ಕೋಣೆಗಳಲ್ಲಿ ಟೈಪು ಮಾಡುವ ಸದ್ದು ನಿಂತಿತು. ಗಾಜಿನಾಚೆ ಜನ ಸೇರಿದರು. ಮಲಯಾಳಿ ಹುಡುಗಿ ಶಮ್ನಾ ಮೆಲ್ಲಗೆ ಬಾಗಿಲು ತಳ್ಳಿ, ಊರಲ್ಲಿ ಯಾರಾದರೂ ತೀರಿಕೊಂಡರಾ ಚೇಚಿ ಎಂದು ಕೇಳಿ ನನ್ನ ಭುಜ ಹಿಡಿದಳು. ಇವರು ಕಣ್ಣು ಮುಚ್ಚಿ ಎರಡನೇ ಚರಣಕ್ಕೆ ಹೋದರು. ಅಝರ್ ಕಾಗದವನ್ನೂ ಇವರ ಮುಖವನ್ನೂ ಮತ್ತೆ ಮತ್ತೆ ನೋಡಿದರು. ಅವರ ಅನುಮಾನ ಕರಗುವ ಬದಲು ಗಟ್ಟಿಯಾಗುತ್ತಿರುವುದು ನನಗೆ ಕಾಣುತ್ತಿತ್ತು.

ಆಗ ಗಾಜಿನಾಚೆ ಝೇವಿಯರ್ ಕಂಡರು. ಕೈಹಿಡಿದು ಒಳಗೆ ಕರೆತಂದೆ. ನೀವೇ ಹೇಳಿ, ಇದು ಹಾಡು ಹೌದೋ ಅಲ್ಲವೋ ಎಂದೆ.

ಝೇವಿಯರ್ ಚಾವಣಿ ನೋಡಿದರು. ನೆಲ ನೋಡಿದರು. “ಹಾಡು ಅಂತ ಒಂದು ಇರ್ಲಿಕ್ಕೂ ಸಾಕು,” ಎಂದರು. “ಆದ್ರೆ ಮುದ್ದುಕೃಷ್ಣರು ಈಗ ಹಾಡಿದ್ದು ಅದೇ ಹಾಡಾ ಅಂತ ನಾನು ಹೇಗೆ ಹೇಳುದು ಮಾರಾಯ್ರೆ?”

ಎರಡೂ ಮನೆಗಳ ನಡುವೆ ಹನ್ನೊಂದು ವರ್ಷದಿಂದ ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿ ಮೇಲಕ್ಕೂ ಯುಗಾದಿಯ ಹೋಳಿಗೆ ಕೆಳಕ್ಕೂ ತಪ್ಪದೆ ಹೋಗಿಬಂದಿವೆ. ಅಂಥವರ ಬಾಯಿಗೆ ಏನು ಅಡ್ಡ ಬಂದಿದೆ ಎಂದು ಯೋಚಿಸಿದೆ. ಥಟ್ಟನೆ ಹೊಳೆಯಿತು. ಅದು ಹಾಡು ಎಂದು ಸಾಬೀತಾದರೆ ಕಾಗದ ಸುಳ್ಳಾಗುತ್ತದೆ. ಕಾಗದ ಸುಳ್ಳಾದರೆ ಮೂರನೇ ಅಂಶವೂ ಸುಳ್ಳು. ಆಮೇಲೆ ಬ್ರಿಜಿಟ್‌ಗೆ ಮುಖ ತೋರಿಸುವುದು ಹೇಗೆ?

“ಝೇವಿಯರ್ ಅವರೇ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ವಾಷಿಂಗ್ ಮಷೀನು ನಿಮ್ಮ ಮನೆಯಲ್ಲೇ ಇರ್ಲಿ. ನಾನಾಗಿ ಯಾವತ್ತೂ ವಾಪಸ್ ಕೇಳೋದಿಲ್ಲ. ಈಗ ಹಾಡಿ.”

ಅವರು ಗಂಟಲನ್ನೂ ಸರಿಮಾಡಿಕೊಳ್ಳಲಿಲ್ಲ. ಹಾಡು ಹಾಗೇ ಹೊರಟಿತು, ತಣ್ಣನೆ ನೀರು ಹರಿದ ಹಾಗೆ. ಫಿಲಿಪ್ಪೀನ್ಸಿನ ಅಕ್ಕ ಒಬ್ಬರು ಬಾಗಿಲಲ್ಲೇ ದನಿಗೂಡಿಸಿದರು, ಅವರಿಗೆ ಎರಡನೇ ಸಾಲು ಬರುತ್ತಿತ್ತು. ಲೆಬನಾನಿನ ಎಂಜಿನಿಯರ್ ಮೇಜು ತಟ್ಟಿದರು. ಎರಡೇ ನಿಮಿಷದಲ್ಲಿ, ಕುರ್ಚಿ ಬಿಟ್ಟು ಬೀಗದ ಕೈ ಬಿಟ್ಟು ಸಮುದ್ರಕ್ಕೆ ಹೋಗುವ ಹಾಡನ್ನು, ಕುರ್ಚಿ ಉಳಿಸಿಕೊಳ್ಳಲು ದಿನವಿಡೀ ಒದ್ದಾಡುವ ಹದಿನೈದು ಜನ ಬಾಯಿತುಂಬ ಹಾಡುತ್ತಿದ್ದರು. ಜನರಲ್ ಮ್ಯಾನೇಜರ್ ಗಲಾಟೆ ಕೇಳಿ ಹೊರಗೆ ಬಂದು ಏನಿದು ಎಂದು ಕೇಳಿದರು. ಅಝರ್ ಕಾಗದ ಎತ್ತಿ ತೋರಿಸಿ, ರಾಜೀನಾಮೆ ಸರ್, ಎಂದರು. ಇದು ಹಾಡಲ್ಲವೇ ಎಂದು ಮ್ಯಾನೇಜರ್ ಹುಬ್ಬೇರಿಸಿದರು. ಅಷ್ಟು ಸಾಕಾಯಿತು.

ಬುಧವಾರ ಇವರ ಹೆಸರು ಪಟ್ಟಿಗೆ ಮರಳಿತು. ಎರಡು ವರ್ಷದ ಕಾಂಟ್ರಾಕ್ಟು. ಜೊತೆಗೆ ಅಝರ್ ಇನ್ನೊಂದು ಕಾಗದಕ್ಕೂ ಸಹಿ ಹಾಕಿಸಿಕೊಂಡರು. ಫೈಲು ಮುಚ್ಚಬೇಕಲ್ಲ. ಕಾಂಟ್ರಾಕ್ಟು ಇರುವವರೆಗೆ ಆಫೀಸಿನಲ್ಲಾಗಲಿ, ಸಾರ್ವಜನಿಕವಾಗಿಯಾಗಲಿ ಹಾಡುವುದಿಲ್ಲ, ಯಾವ ಹಾಡಿನ ಅರ್ಥವನ್ನೂ ಬರೆಯುವುದಿಲ್ಲ ಎಂಬ ಮುಚ್ಚಳಿಕೆ. ಇವರು ಸಹಿ ಹಾಕಿದ್ದಲ್ಲದೆ, ಕೇಳದಿದ್ದರೂ ಸೀಲನ್ನೂ ಒತ್ತಿ ಬಂದರು.

ನನಗೆ ಸಮಾಧಾನವಾಯಿತು ಎಂದು ನೀವು ತಿಳಿಯಬಹುದು. ಸಮಾಧಾನವನ್ನು ನಾನು ಚಾಪೆಯ ಮೇಲೆ ಮಲಗಿ ಅನುಭವಿಸಿದೆ. ಚಾಪೆಯೂ ಸವಾದ್ ಅವರದು. ಮೊಸರು ಇಡಲು ದಿನಕ್ಕೆ ನಾಲ್ಕು ಸಲ ಕೆಳಗಿಳಿದು ನನ್ನದೇ ಫ್ರಿಜ್ಜಿನ ಬಾಗಿಲು ತೆಗೆದು, ಪಕ್ಕದಲ್ಲಿ 'ಗ್ರಾಹಕರು ಮುಟ್ಟಬಾರದು' ಎಂಬ ಬೋರ್ಡು ನೋಡಿ ಬರುತ್ತಿದ್ದೆ. ಬಟ್ಟೆ ಕೈಯಲ್ಲಿ ಒಗೆದೆ. ನಾಳೆ ನೋಡುವ ಎಂದವರೆಲ್ಲ ಮೂರು ವಾರ ನಾಳೆಯಲ್ಲೇ ಇದ್ದರು. ಒಬ್ಬರೂ ಕೆಟ್ಟವರಲ್ಲ. ಎದುರು ಸಿಕ್ಕರೆ ತಲೆ ತಗ್ಗಿಸುತ್ತಿದ್ದರು, ಆದರೆ ಸೋಫಾ ಹೊತ್ತು ಮೂರು ಮಹಡಿ ಹತ್ತುವುದೆಂದರೆ ಸಣ್ಣ ಕೆಲಸವೇ?

ವಾರ್ಷಿಕೋತ್ಸವ ಬಂತು. ಶುಕ್ರವಾರ ಮಧ್ಯಾಹ್ನ, ಶಾಲೆಯೊಂದರ ಸಭಾಂಗಣ. ಎಂದೂ ಅರ್ಧ ತುಂಬದ ಸಭೆಯಲ್ಲಿ ಅಂದು ನಿಲ್ಲಲು ಜಾಗವಿರಲಿಲ್ಲ. ಒಂದು ಸಂಸಾರವನ್ನೇ ಬರಿದು ಮಾಡಿದ ಹಾಡು ಹೇಗಿರುತ್ತದೆ ಎಂದು ಎಲ್ಲರಿಗೂ ಕುತೂಹಲ. ಇವರು ಹಾಡುವುದಿಲ್ಲ ಎಂದು ಸಹನಾಗೆ ನಾನು ಎರಡು ಸಲ ಹೇಳಿದ್ದೆ. ಆದರೆ ಪುಸ್ತಕದಲ್ಲಿ ಬರೆದಾಗಿತ್ತಲ್ಲ. ಏಳನೇ ಕಾರ್ಯಕ್ರಮ ಎಂದು ಹೆಸರು ಕೂಗಿಯೇ ಬಿಟ್ಟರು. ಝೇವಿಯರ್ ಗಿಟಾರ್ ಹಿಡಿದು ವೇದಿಕೆಯಲ್ಲಿ ಕೂತಿದ್ದರು. ಇವರು ಕ್ಷಮೆ ಕೇಳಿ ಬರುತ್ತೇನೆ ಎಂದು ಎದ್ದು ಹೋದರು. ಮೈಕು ಕೈಗೆ ಬಂದದ್ದೇ ತಡ, ನನಗೆ ಹಾಡಲು ಬರುವುದಿಲ್ಲ ಎಂಬ ಮಾತು ಎಂದಿನಂತೆ ಗಂಟಲಲ್ಲೇ ನಿಂತಿತು. ಗಿಟಾರ್ ಶುರುವಾಯಿತು. ಇವರ ಬಾಯಿ ಮೆಲ್ಲಗೆ ತೆರೆದುಕೊಳ್ಳತೊಡಗಿತು.

ಮೊದಲ ಸಾಲಿನಲ್ಲಿ ಅಝರ್ ಕೂತಿದ್ದರು. ಕೈಯಲ್ಲಿ ಫೋನು, ರೆಕಾರ್ಡಿಂಗಿಗೆ ಎತ್ತಿ ಹಿಡಿದು.

ನಾನು ಹೇಗೆ ವೇದಿಕೆ ಹತ್ತಿದೆ ಎಂದು ನನಗೇ ತಿಳಿಯದು. ಇವರ ಕೈಯಿಂದ ಮೈಕು ಕಿತ್ತುಕೊಂಡೆ. ಸಭೆ ನನ್ನನ್ನು ನೋಡುತ್ತಿತ್ತು, ಗಿಟಾರ್ ನಡೆಯುತ್ತಿತ್ತು, ಏನಾದರೂ ಆಗಲೇಬೇಕಿತ್ತು. ನಾನು ಹಾಡಿದೆ. ತಿಂಗಳುಗಟ್ಟಲೆ ಬಚ್ಚಲ ಬಾಗಿಲಾಚೆಯಿಂದ ಕೇಳಿದ ಹಾಡು, ಒಗ್ಗರಣೆಯ ಜೊತೆ ಒಳಗಿಳಿದಿತ್ತು. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ನಾಲ್ಕು ವರ್ಷ ಸಂಗೀತ ಕಲಿತ ಗಂಟಲು ನನ್ನದು. ಹಿಪ್ಪಿಗಳ ಹಾಡಿಗೆ ತಾನಾಗಿ ಮೋಹನ ರಾಗದ ಗಮಕ ಬಂತು. ಝೇವಿಯರ್ ಕಣ್ಣರಳಿಸಿ ನನ್ನನ್ನು ಹಿಂಬಾಲಿಸಿದರು.

ಮೂರನೇ ಚರಣಕ್ಕೆ ಬಂದೆ. ನನ್ನದೆಲ್ಲ ನಿಮ್ಮದು, ಬೇಕಾದ್ದು ಒಯ್ಯಿರಿ ಎನ್ನುವ ಚರಣ. ನಾಲ್ಕನೇ ಸಾಲಿನಲ್ಲಿ ಸೋಫಾದವರು ತಲೆದೂಗುತ್ತಿದ್ದರು. ಅದನ್ನು ಕಂಡದ್ದೇ ನನ್ನ ತಾಳ್ಮೆ ಮುಗಿಯಿತು. ಅದೇ ರಾಗದಲ್ಲಿ, ಅದೇ ತಾಳದಲ್ಲಿ, ಕನ್ನಡದಲ್ಲಿ ಹಾಡಿದೆ. ಸವಾದ್ ಅವರ ಅಂಗಡಿಯ ಫ್ರಿಜ್ಜು ಮೂರನೇ ಮಹಡಿಗೆ ಬರಲಿ, ಸೋಫಾ ಅದೇ ಬಾಗಿಲಿನಿಂದ ಒಳಗೆ ಬರಲಿ, ಮಂಚ ಒಯ್ದ ಒಳ್ಳೆ ಜನ ಎಲ್ಲಿದ್ದರೂ ಬರಲಿ, ಸಮುದ್ರಕ್ಕೆ ಆಮೇಲೆ ಹೋಗೋಣ.

ಸಭೆ ಎದ್ದು ಚಪ್ಪಾಳೆ ತಟ್ಟಿತು. ಸವಾದ್ ಎದ್ದು ನಿಂತು, ಇವತ್ತೇ ತರ್ತೇನೆ ಅಕ್ಕ, ಎಂದರು. ಸೋಫಾದವರು ಮುಖ ಮುಚ್ಚಿಕೊಂಡು ನಕ್ಕರು. ಹಿಂದಿನಿಂದ ಯಾರೋ ಮಂಚದ ಕಾಲಿನ ಬಣ್ಣ ಯಾವುದು ಎಂದು ಕೂಗಿ ಕೇಳಿದರು. ಎಲ್ಲವನ್ನೂ ಹೇಳಿದೆ, ವಾಷಿಂಗ್ ಮಷೀನು ಒಂದನ್ನು ಬಿಟ್ಟು. ಕೊಟ್ಟ ಮಾತು ಕೊಟ್ಟ ಮಾತು.

ಆಗ ಮೂರನೇ ಸಾಲಿನಿಂದ ಬ್ರಿಜಿಟ್ ಎದ್ದಳು. ಕಣ್ಣಲ್ಲಿ ನೀರು.

“ಭಾನಕ್ಕ, ಮಷೀನೂ ನಿಮ್ಗೇ ಇರ್ಲಿ,” ಎಂದಳು. “ನಂಗೆ ಇನ್ನು ಆಗುದಿಲ್ಲ. ಅದು ಅಡಿಯಿಂದ ನೀರು ಸೋರ್ತದೆ. ದಿನಕ್ಕೆ ಎರಡು ಸಲ ಅಡುಗೆಮನೆ ಒರೆಸಿ ಒರೆಸಿ ನನ್ನ ಸೊಂಟ ಹೋಯ್ತು.”

ನಾನು ನಾಲ್ಕು ವರ್ಷದಿಂದ ಒರೆಸಿದವಳು. ಝೇವಿಯರ್ ಗಿಟಾರ್ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ನಾನು ಅವರಿಗೆ ನಿಲ್ಲಿಸಬೇಡಿ ಎಂದು ಕೈಸನ್ನೆ ಮಾಡಿ, ಬ್ರಿಜಿಟ್ ಹೇಳಿದ್ದು ಚಪ್ಪಾಳೆಯಲ್ಲಿ ಕೇಳಿಸಲೇ ಇಲ್ಲ ಎನ್ನುವ ಹಾಗೆ, ಹಾಡನ್ನು ಮೊದಲಿನಿಂದ ಎತ್ತಿಕೊಂಡೆ.